ಓಡುವಾಗ ಬಿದ್ದ ಮಗುವಿಗೆ ಗ್ಲೂಕೋಸ್ ಸಾಕೇ?

ಓಟದ ನಡುವೆ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದರೆ ನಮ್ಮ ಶಾಲೆಗಳಲ್ಲಿ ನಡೆಯುವುದಿಷ್ಟೇ: ಮುಖಕ್ಕೆ ನೀರು, ಬಾಯಿಗೆ ಗ್ಲೂಕೋಸ್, ಜೊತೆಗೆ "ಬೆಳಿಗ್ಗೆ ತಿಂಡಿ ತಿಂದಿಲ್ಲವೇನೋ?" ಎಂಬ ಗದರಿಕೆ. ಮರುದಿನ ಅವನು ಮತ್ತೆ ಮೈದಾನದಲ್ಲಿ! ಪ್ರಾರ್ಥನೆಯ ವೇಳೆ ಬಿಸಿಲಿನಲ್ಲಿ ನಿಂತು ಕುಸಿಯುವುದು ಬೇರೆ. ಅದು ಬಹುಮಟ್ಟಿಗೆ ನಿರಪಾಯಕರ. ಓಡುತ್ತಿರುವಾಗಲೇ ಬೀಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಹೃದಯದ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಓದಿದವರು.

ಹೃದಯದ ಸ್ನಾಯುವಿಗೆ ರಕ್ತವುಣಿಸುವ ಎರಡು ಕರೋನರಿ ಧಮನಿಗಳು ಮಹಾಪಧಮನಿಯ ಬುಡದಲ್ಲಿ ಹುಟ್ಟುತ್ತವೆ. ಕೆಲವು ಮಕ್ಕಳಲ್ಲಿ ಎಡ ಕರೋನರಿಯು ಬಲಭಾಗದಿಂದ ಹೊರಟು, ಮಹಾಪಧಮನಿ ಮತ್ತು ಶ್ವಾಸಕೋಶದ ಧಮನಿಗಳ ನಡುವೆ ನುಸುಳಿರುತ್ತದೆ. ಕುಳಿತಾಗ ಏನೂ ತಿಳಿಯದು. ಓಡಿದಾಗ ಸ್ನಾಯುವಿಗೆ ರಕ್ತ ಸಾಲದಾಗುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮ್ಯಾರವಿಚ್‌ಗೆ ಎಡ ಕರೋನರಿಯೇ ಇರಲಿಲ್ಲ. ಹತ್ತು ವರ್ಷ ವೃತ್ತಿಪರ ಆಟವಾಡಿದ್ದ ಆತ 1988ರಲ್ಲಿ, 40ನೆಯ ವಯಸ್ಸಿನಲ್ಲಿ, ಆಡುತ್ತಲೇ ಕುಸಿದು ತೀರಿಕೊಂಡ. ಕಾರಣ ತಿಳಿದದ್ದು ಶವಪರೀಕ್ಷೆಯಲ್ಲಿ.

"ಇ.ಸಿ.ಜಿ. ಸರಿಯಿದೆಯಲ್ಲ ಮೇಷ್ಟ್ರೇ" ಎನ್ನುವವರಿದ್ದಾರೆ. ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಇಂಥ ಮಕ್ಕಳಲ್ಲಿ ಅನೇಕ ವೇಳೆ ಸರಿಯಾಗಿಯೇ ಇರುತ್ತದೆ. ಸ್ಟೆತಾಸ್ಕೋಪಿಗೂ ಏನೂ ಕೇಳಿಸದಿರಬಹುದು. ಧಮನಿ ಎಲ್ಲಿಂದ ಹುಟ್ಟಿದೆಯೆಂದು ಎಕೋದಲ್ಲಿ ಹುಡುಕಿ ನೋಡಬೇಕು, ಸಂಶಯವಿದ್ದರೆ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಬೇಕು.

ಮನೆಯ ಹಿರಿಯರಿಗೂ ಒಂದು ಮಾತು. ಎಡ ಕರೋನರಿ ಶ್ವಾಸಕೋಶದ ಧಮನಿಯಿಂದಲೇ ಹುಟ್ಟಿದ ಕೂಸು ಮೊದಲ ಕೆಲವು ವಾರ ಚೆನ್ನಾಗಿಯೇ ಇರುತ್ತದೆ. ಆ ಧಮನಿಯ ಒತ್ತಡ ಇಳಿದಂತೆ ಹೃದಯ ಸೋಲತೊಡಗುತ್ತದೆ; ಹಾಲು ಕುಡಿಯುವಾಗ ಕೂಸು ಬೆವರುತ್ತದೆ, ಬಿಳಿಚಿಕೊಂಡು ಚೀರುತ್ತದೆ. ನಾವು ಬಜೆ ತೇಯುತ್ತೇವೆ, ದೃಷ್ಟಿ ತೆಗೆಯುತ್ತೇವೆ! ಬ್ಲಾಂಡ್, ವೈಟ್ ಮತ್ತು ಗಾರ್ಲೆಂಡ್ ಎಂಬ ವೈದ್ಯರು 1933ರಲ್ಲಿಯೇ ವಿವರಿಸಿದ ಕಾಯಿಲೆಯಿದು. ಇಂದು ಆ ಧಮನಿಯನ್ನು ಬುಡಸಮೇತ ಬಿಡಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ಸಕಾಲದಲ್ಲಿ ಮಾಡಿದರೆ ಸೋತ ಸ್ನಾಯು ಬಹುಪಾಲು ಚೇತರಿಸಿಕೊಳ್ಳುತ್ತದೆ.

ಮೂರು ಲಕ್ಷ ಜನನಗಳಿಗೆ ಸುಮಾರು ಒಂದರಂತೆ ಕಾಣುವ ಈ ಕಾಯಿಲೆಗೆ ಇಷ್ಟು ಗದ್ದಲವೇಕೆಂದು ಕೇಳಬಹುದು. ಎಲ್ಲ ಮಕ್ಕಳಿಗೂ ಎಕೋ ಮಾಡಿಸಿರೆಂದು ನಾನು ಹೇಳುತ್ತಿಲ್ಲ, ಬಿದ್ದ ಮಗುವಿಗೆ ಮಾಡಿಸಿ ಎನ್ನುತ್ತಿದ್ದೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ 2013ರಿಂದಲೂ ಜನ್ಮಜಾತ ಹೃದ್ರೋಗವಿದೆ. ತಪಾಸಣೆಯ ತಂಡ ಬಂದಾಗ ಮೈದಾನದಲ್ಲಿ ನಡೆದದ್ದನ್ನು ಹೇಳಬೇಕಾದವರು ನಾವೇ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ದೈಹಿಕ ಶಿಕ್ಷಕರು. ಓಡುವಾಗ ಬಿದ್ದ ಮಗುವನ್ನು ಹೃದ್ರೋಗ ತಜ್ಞರು ನೋಡುವವರೆಗೆ ಮೈದಾನಕ್ಕೆ ಇಳಿಸಬೇಡಿರಪ್ಪ. ವರದಿಯಲ್ಲಿ ಕರೋನರಿಗಳ ಮೂಲದ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ, ಸಂಕೋಚವಿಲ್ಲದೆ ಮತ್ತೊಮ್ಮೆ ಕೇಳಿ.