ನಾಯಿಮರಿಗೆ ಪೆಟ್ಟು ಬೇಡ

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ನಾಯಿಮರಿ ಒಳಗೆ ಉಚ್ಚೆ ಹೊಯ್ದರೆ, ಅಂಗಡಿ ಮುಚ್ಚಿ ಬಂದ ಮೇಲೆ ನಾವು ಅದಕ್ಕೆ ಹೊಡೆಯುತ್ತಿದ್ದೆವು. ಇರುವೆಗೆ ದಾರಿ ಬಿಡುವವರು ನಾವು! ತಾಸಿನ ಹಿಂದಿನ ತಪ್ಪಿಗೆ ಈಗಿನ ಪೆಟ್ಟೆಂದು ನಾಯಿಗೆ ತಿಳಿಯದು. ನಮ್ಮ ಚಪ್ಪಲಿ ಸಪ್ಪಳ ಕೇಳಿದರೆ ಜೋಳದ ಚೀಲದ ಹಿಂದೆ ಅಡಗುತ್ತಿತ್ತು. ಒಂದು ದಿನ ಅಲ್ಲಿ ಕೈಹಾಕಿದ ಮೊಮ್ಮಗನನ್ನು ಕಚ್ಚಿತು. ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಚುಚ್ಚುಮದ್ದು ಹಾಕಿಸಿದೆವು.

ಆಮೇಲೆ ಕ್ರಮ ಬದಲಿಸಿದೆವು. ಎದ್ದೊಡನೆ, ಉಂಡೊಡನೆ ಮರಿಯನ್ನು ಹೊರಗೆ ಒಂದೇ ಜಾಗಕ್ಕೆ ಒಯ್ಯುವುದು. ಅಲ್ಲಿ ಉಚ್ಚೆ ಹೊಯ್ದ ಕ್ಷಣವೇ "ಶಾಭಾಸ್" ಎಂದು ರೊಟ್ಟಿಯ ಚೂರು ಕೊಡುವುದು. ಇದು ರೋಖಡಿ ವ್ಯವಹಾರ, ಉದ್ದರಿ ನಡೆಯದು. ಅದು ಉಣ್ಣುವಾಗ, ಮಲಗಿದಾಗ ಮಕ್ಕಳು ಮುಟ್ಟಬಾರದು. ಉಳ್ಳಾಗಡ್ಡಿ ನಾಯಿಗೆ ವಿಷ. ನಮ್ಮಲ್ಲಿ ಆ ಭಯವಿಲ್ಲ, ಆದರೆ ಒಣದ್ರಾಕ್ಷಿಯೂ ವಿಷವೇ.

ಈಗ ಸಪ್ಪಳ ಕೇಳಿದರೆ ಬಾಗಿಲಿಗೆ ಓಡಿ ಬರುತ್ತದೆ. ಮೊಮ್ಮಗ ಮಾತ್ರ ಇನ್ನೂ ದೂರವೇ ನಿಲ್ಲುತ್ತಾನೆ.