ಬೆಕ್ಕಿಗಿ ಬರೇ ಹಾಲ್‌ರೊಟ್ಟಿನೂ ಬ್ಯಾಡ, ಹಸಿ ಖಂಡಾನೂ ಬ್ಯಾಡ

ಅಕ್ಕಂದಿರ, ಅತ್ತಿಗೆಂದಿರ, ಸಿಟ್ಟು ಬಂದ್ರೂ ಬರ್ಲಿ, ನಾ ಹೇಳೇ ಹೇಳ್ತೀನಿ. ಬೆಕ್ಕಿಗಿ ಹಾಲು, ಜ್ವಾಳದ ರೊಟ್ಟಿ ಹಾಕಿ "ನಮ್ಮ ಬೆಕ್ಕು ಭಾಳ ಸಾಧು" ಅನ್ನೋದು ಬಿಡ್ರಿ. ಅದು ಖಂಡ ತಿನ್ನೋ ಜೀವ. ಖಂಡದಾಗಿನ ಟಾರಿನ್ ಅನ್ನೋ ಸತ್ವ ರೊಟ್ಟಿಯಾಗ ಇಲ್ಲ. ಅದು ಸಿಗಲಿಲ್ಲಂದ್ರ ಬೆಕ್ಕಿನ ಕಣ್ಣು ಹೋಗ್ತಾವ, ಗುಂಡಿಗಿ ಸೋಲ್ತದ. ಗುಂಡಿಗಿ ಸಂಗತಿ 1987ರಾಗೇ ಅಮೆರಿಕದ ಪಶುವೈದ್ಯರು ತೋರಿಸಿಕೊಟ್ಟಾರ. ಇಲಿ ಹಿಡಿಯೋ ಬೆಕ್ಕು ತನ್ನ ಪಾಲು ತಾನ ನೋಡ್ಕೊಂತದ; ಮನಿಯಾಗ ಕೂಡಿ ಹಾಕಿದ್ದರ ಗತಿ?

ಈಗ ಹುಡುಗ್ರು ಮೊಬೈಲ್ ನೋಡಿ, "ಹುಲಿ ಬೇಯಿಸಿ ತಿಂತದೇನು? ಹಸೀದೇ ಹಾಕ್ರಿ" ಅಂತಾರ. ಹುಲಿ ನಿಮ್ಮ ಅಡಿಗಿಮನಿಯಾಗ ಅಡ್ಡಾಡಂಗಿಲ್ಲ, ಕೂಸಿನ ಮಗ್ಗಲಾಗ ಮಲಗಂಗಿಲ್ಲ. ಹಸಿ ಕೋಳಿಯಾಗ ಸಾಲ್ಮೊನೆಲ್ಲಾ ಇರಬಹುದು, ಫ್ರಿಜ್‌ನಾಗ ಇಟ್ರೂ ಸಾಯಂಗಿಲ್ಲ. ಹಸಿ ಖಂಡದಿಂದ ಬೆಕ್ಕಿಗಿ ಟಾಕ್ಸೊಪ್ಲಾಸ್ಮಾ ತಗಲಿ, ಅದರ ಹೇಲು ಬಳಿಯೋ ಬಸುರಿ ಸೊಸಿಗಿ ಬಂದ್ರ ಹೊಟ್ಟ್ಯಾಗಿನ ಕೂಸಿಗೇ ಕುತ್ತು.

ದಾರಿ ಸೀದಾ ಅದ. ಕೋಳಿ ಖಂಡದ ಜೋಡಿ ಗುಂಡಿಗಿ ತಂದು ಬರೇ ನೀರಾಗ ಕುದಿಸ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆಕ್ಕಿಗಿ ವಿಷ, ಹಾಕಬ್ಯಾಡ್ರಿ. ಕುದಿಸಿದ ನೀರು ಚೆಲ್ಲಬ್ಯಾಡ್ರಿ, ಟಾರಿನ್ ಅದರಾಗ ಇಳಿದಿರ್ತದ. ಬೆಂದ ಎಲುವು ಚೂಪಾಗಿ ಮುರೀತಾವ, ತೆಗೀರಿ. ಎಲುವು ತೆಗೆದ ಖಂಡದಾಗ ಕ್ಯಾಲ್ಸಿಯಂ ಸಾಲಂಗಿಲ್ಲ, ಎಷ್ಟು ಕೊಡಬೇಕಂತ ದನದ ದವಾಖಾನಿಯಾಗ ಕೇಳ್ರಿ. ರೊಟ್ಟಿ ದಿನಾ ಒಂದಿಷ್ಟು ಕಡಿಮಿ ಮಾಡಿ ಖಂಡ ಹೆಚ್ಚಸ್ರಿ, ಎಂಟು-ಹತ್ತು ದಿನದಾಗ ರೂಢಿ ಆಗ್ತದ.

ಮನಿಯಾಗ ಖಂಡ ನಡ್ಯಂಗಿಲ್ಲೇನು? ಟಾರಿನ್ ಹಾಕಿದ ಬೆಕ್ಕಿನ ಪಾಕೀಟು ತರ್ರಿ. ಅದೂ ಒಲ್ಲೆ ಅಂದ್ರ ಬೆಕ್ಕಿನ್ನ ಕೂಡಿ ಹಾಕಬ್ಯಾಡ್ರಿ. ನಮ್ಮ ವ್ರತ ನಮಗ, ಅದರ ಹೊಟ್ಟಿ ಅದಕ್ಕ.