ಬೆಕ್ಕಿನ ಮೇಲಿನ ಎರಡು ಆಪಾದನೆ

ಹೋದ ಆಷಾಢದಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳನ್ನು ನೋಡಿಬರಲು ಹೋಗಿದ್ದೆ. ತವರಿನಲ್ಲಿ ಬಾಣಂತನ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ಅಂಟಿನುಂಡೆ ಒಯ್ದಿದ್ದೆ. ಮಗುವಿಗೆ ಇಪ್ಪತ್ತು ದಿನ. ಹುಡುಗಿಯ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. "ನಾಲ್ಕು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಯಾರಾದರೂ ಎರಡು ಗಂಟೆ ಇವನನ್ನ ನೋಡಿಕೊಂಡರೆ ಒಳಗೆ ಬಾಗಿಲು ಹಾಕಿಕೊಂಡು ಮಲಗಿಬಿಡ್ತೀನಿ ಆಂಟಿ" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಲ್ಲೇ ಕೂತಿದ್ದ ಅವಳ ಸೋದರತ್ತೆ, "ಏನು ಕಾಲ ಬಂತಮ್ಮ! ಬೆಕ್ಕಾದರೂ ಹೆತ್ತ ಮರಿ ಬಿಟ್ಟು ಕದಲೋದಿಲ್ಲ" ಎಂದರು. ಹುಡುಗಿ ಮರುಮಾತಾಡದೆ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ನನಗೆ ತಕ್ಷಣ ಇನ್ನೊಂದು ದಿನ ನೆನಪಾಯಿತು. ಮದುವೆ ಮನೆಯೊಂದರಲ್ಲಿ ಇದೇ ಸೋದರತ್ತೆ, ಕೂಸನ್ನು ತಾಯಿಯ ಬಳಿ ಬಿಟ್ಟು ಶಾಲೆಯ ಕೆಲಸಕ್ಕೆ ಹಿಂತಿರುಗಿದ ಮೇಷ್ಟರಮ್ಮನೊಬ್ಬರ ಬಗ್ಗೆ, "ಅವಳದು ಬೆಕ್ಕಿನ ಜಾತಿ ಕಣೇ, ಹೆತ್ತ ಮರಿಯನ್ನ ತಾನೇ ತಿನ್ನೋ ಜಾತಿ" ಎಂದಿದ್ದರು. ಒಂದೇ ಬಾಯಿ, ಒಂದೇ ಬೆಕ್ಕು. ಒಂದು ದಿನ ಅದು ಮರಿ ತಿನ್ನುವ ರಾಕ್ಷಸಿ, ಇನ್ನೊಂದು ದಿನ ಮರಿ ಬಿಟ್ಟು ಕದಲದ ಮಹಾತಾಯಿ. ಯಾವ ಹೆಣ್ಣಿಗೆ ಬಡಿಯಬೇಕೋ ಅದಕ್ಕೆ ತಕ್ಕ ಬೆಕ್ಕು. ಮಾತಿಗೊಂದು ಗಾದೆ ಬಂತು ಬಿಡಿ, ಅದಕ್ಕೆಲ್ಲ ಲೆಕ್ಕ ಕೇಳಬೇಕೆ ಎಂದು ನೀವು ಅನ್ನಬಹುದು. ಆ ಹುಡುಗಿಯ ಮುಖ ನೋಡಿದ ಮೇಲೆ ಕೇಳಬೇಕು ಎಂದೇ ನನಗೆ ಅನಿಸಿದೆ. ಅದಕ್ಕೇ ಈ ಬರಹ.

ಬೆಕ್ಕಿನ ಬಾಣಂತನವನ್ನು ನಾನು ಕಣ್ಣಾರೆ ಕಂಡವಳು. ನಮ್ಮ ಮನೆಯ ಚುಕ್ಕಿ ಮೊದಲ ಸಲ ಹೆತ್ತದ್ದು ನನ್ನ ಬೀರುವಿನಲ್ಲಿ, ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟ ಸೀರೆಗಳ ಮೇಲೆ. ಒಂಬತ್ತು ವಾರ ಹೊತ್ತವಳು ಮನೆಯಲ್ಲೆಲ್ಲ ಹುಡುಕಿ, ಕತ್ತಲೆಯೂ ಮೆತ್ತಗೂ ಇದ್ದ ಜಾಗವೆಂದು ಅದನ್ನೇ ಆರಿಸಿಕೊಂಡಿದ್ದಳು. ಸೂಲಗಿತ್ತಿ ಇಲ್ಲ, ಬಿಸಿನೀರಿಲ್ಲ. ಮರಿ ಹೊರಬಂದ ಕೂಡಲೇ ಪೊರೆ ಹರಿದು, ಉಸಿರು ಬರುವವರೆಗೆ ಒರಟು ನಾಲಗೆಯಿಂದ ನೆಕ್ಕಿ, ಹೊಕ್ಕುಳಬಳ್ಳಿಯನ್ನು ಹಲ್ಲಿನಿಂದ ಕಡಿದು, ಕಸವನ್ನು ತಾನೇ ತಿಂದು ಮುಗಿಸಿದಳು. ಅಷ್ಟರಲ್ಲಿ ಮುಂದಿನದು. ಹೀಗೆ ನಾಲ್ಕು.

ಹುಟ್ಟಿದ ಬೆಕ್ಕಿನ ಮರಿ ಎಂದರೆ ಸುಮಾರು 100 ಗ್ರಾಂ ತೂಕದ ಜೀವ. ಕಣ್ಣು ತೆರೆಯುವುದು 7ರಿಂದ 14 ದಿನಕ್ಕೆ. ಕಿವಿ ಕೇಳಿಸುವುದಿಲ್ಲ. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ತಾಯಿ ನೆಕ್ಕಿ ಎಬ್ಬಿಸದೆ ಮೊದಲ ಮೂರು ವಾರ ಅದಕ್ಕೆ ಮಲಮೂತ್ರ ಕೂಡ ಆಗುವುದಿಲ್ಲ. ಅದನ್ನೂ ತಾಯಿಯೇ ನೆಕ್ಕಿ ಚೊಕ್ಕಟ ಮಾಡಬೇಕು. ವಾಸನೆ ಹರಡಿದರೆ ಶತ್ರು ಹುಡುಕಿಕೊಂಡು ಬರುತ್ತಾನಲ್ಲ! ಮೊದಲ ದಿನಗಳ ಹಾಲಿನಲ್ಲಿ, ನಮ್ಮ ಹಸುವಿನ ಗಿಣ್ಣಿನಲ್ಲಿರುವಂತೆ, ರೋಗ ತಡೆಯುವ ಶಕ್ತಿ ಇರುತ್ತದೆ. ಇಷ್ಟೆಲ್ಲ ಮಾಡುವಾಗ ತಾಯಿ ಗುರುಗುರು ಎನ್ನುತ್ತಲೇ ಇರುತ್ತಾಳೆ. ಕಿವಿ ಕೇಳದ ಮರಿಗೂ ಆ ನಡುಕ ಮೈಗೆ ಮುಟ್ಟುತ್ತದೆ.

ಈಗ ಮೊದಲ ಆಪಾದನೆಗೆ ಬರೋಣ. ಬೆಕ್ಕು ಮರಿ ತಿನ್ನುತ್ತದೆಯೇ? ಕೆಲವೊಮ್ಮೆ ಹೌದು, ಮುಚ್ಚಿಡುವುದೇಕೆ. ಸತ್ತು ಹುಟ್ಟಿದ್ದನ್ನು, ಹುಟ್ಟಿ ಸತ್ತದ್ದನ್ನು ತಿಂದುಬಿಡುವುದುಂಟು. ಹೆಣ ಕೊಳೆತು ನಾರಿದರೆ ಉಳಿದ ಮರಿಗಳಿಗೆ ಆಪತ್ತು. ಮೊದಲ ಸಲ ಹೆತ್ತವಳು ಗಾಬರಿಯಾದಾಗ, ಅರೆಹೊಟ್ಟೆಯಲ್ಲಿದ್ದಾಗ, ಸುತ್ತ ಗದ್ದಲವಾದಾಗ ಬದುಕಿರುವ ಮರಿಗೂ ಹಾಗಾಗಬಹುದು. ಇದು ನಿತ್ಯದ ಕಥೆಯಲ್ಲ, ಸಂಕಟದ ಕಥೆ. ಅಕ್ಕಪಕ್ಕದವರು ಮರಿ ಕೊಂದದ್ದನ್ನು ಕಂಡದ್ದಾದರೂ ಅದು ಎಷ್ಟೋ ಸಲ ಹೊರಗಿನಿಂದ ಬಂದ ಗಂಡು ಬೆಕ್ಕಿನ ಕೆಲಸ. ಗಂಡು ಮಾಡಿದ್ದಕ್ಕೆ ಹೆಣ್ಣಿನ ಮೇಲೆ ಹೆಸರು ಬರುವುದು ನಮಗೇನು ಹೊಸತೆ?

ಎರಡನೆಯದು, ಬೆಕ್ಕು ಮರಿ ಬಿಟ್ಟು ಕದಲುವುದಿಲ್ಲ ಎಂಬ ಹೊಗಳಿಕೆ. ಇದೂ ಸುಳ್ಳೇ. ಮೊದಲ ಒಂದೆರಡು ದಿನ ಕದಲುವುದಿಲ್ಲ, ನಿಜ. ಆಮೇಲೆ ಎದ್ದು ಹೋಗುತ್ತಾಳೆ. ಹೋಗದಿದ್ದರೆ ತಿನ್ನುವುದೇನು? ಹಾಲೂಡಿಸುವ ಬೆಕ್ಕಿಗೆ ಮಾಮೂಲಿಗಿಂತ ಎರಡು ಪಟ್ಟಿಗೂ ಹೆಚ್ಚು ಆಹಾರ ಬೇಕಾಗುತ್ತದೆ. ಮರಿಗಳನ್ನು ಒಂದರ ಮೇಲೊಂದು ಬೆಚ್ಚಗೆ ಒತ್ತಿಟ್ಟು ಬೇಟೆಗೆ ಹೋಗುತ್ತಾಳೆ. ತಿಂಗಳಾಗುವಷ್ಟರಲ್ಲಿ ಮರಿಗಳು ಹಿಂದೆ ಬಿದ್ದು ಮೊಲೆಗೆ ಜೋತುಬೀಳಲು ಬಂದರೆ, ಅವಕ್ಕೆ ಎಟುಕದ ಕಪಾಟಿನ ಮೇಲೆ ಹತ್ತಿ ಮಲಗಿಬಿಡುತ್ತಾಳೆ. ಚುಕ್ಕಿ ನಮ್ಮ ಫ್ರಿಜ್ಜಿನ ತಲೆಯ ಮೇಲೆ ಮಲಗಿ, ಕೆಳಗೆ ನಾಲ್ಕೂ ಬಾಯಿ ಕೂಗುತ್ತಿದ್ದರೂ ಕಣ್ಣು ಅರ್ಧ ತೆರೆದು ನೋಡಿ ಮತ್ತೆ ಮುಚ್ಚಿಕೊಂಡದ್ದನ್ನು ಎರಡನೆಯ ಬಾಣಂತನದಲ್ಲಿ ನಾನೇ ನೋಡಿದ್ದೇನೆ. ಎಂಟು ವಾರಕ್ಕೆ ಹಾಲು ಬಿಡಿಸಿಯಾಗಿತ್ತು. ಅಷ್ಟರೊಳಗೆ ಮೊದಲು ಸತ್ತ ಇಲಿ, ಆಮೇಲೆ ಅರೆಜೀವದ ಇಲಿ ತಂದು ಮುಂದಿಟ್ಟು ಬೇಟೆಯನ್ನೂ ಕಲಿಸಿದ್ದಳು. ಅವಳು ಮಲಗಿದ್ದಕ್ಕೆ ಯಾವ ಮರಿಯೂ ಕೆಡಲಿಲ್ಲ.

ಮೊದಲ ಬಾಣಂತನದ ಕಥೆ ಬೇರೆ. ಅದನ್ನೂ ಹೇಳಬೇಕು. ಸೀರೆ ಹಾಳಾದ ಸಿಟ್ಟಿನಲ್ಲಿ ನಾನು ನಾಲ್ಕೂ ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಹಿತ್ತಲ ಜಗಲಿಯಲ್ಲಿಟ್ಟೆ. ಮಳೆಗಾಲ. ರಾತ್ರಿ ಚುಕ್ಕಿ ಒಂದೊಂದನ್ನೇ ಕತ್ತಿನ ಚರ್ಮ ಹಿಡಿದು ಬೀರುವಿಗೆ ವಾಪಸು ತಂದಳು. ಮಾರನೆಯ ದಿನ ಮತ್ತೆ ಹೊರಗಿಟ್ಟು ಬೀರುವಿಗೆ ಬೀಗ ಹಾಕಿದೆ. ನೋಡಲು ಬಂದ ಮಕ್ಕಳೆಲ್ಲ ಎತ್ತಿ ಆಡಿಸಿದರು, ನಾನು ಬೇಡವೆನ್ನಲಿಲ್ಲ. ಮೂರನೆಯ ರಾತ್ರಿ ಅವಳು ಮೂರು ಮರಿಗಳನ್ನು ಪಕ್ಕದ ಮನೆಯ ಅಟ್ಟಕ್ಕೆ ಸಾಗಿಸಿದಳು. ನಾಲ್ಕನೆಯದು, ಎಲ್ಲಕ್ಕಿಂತ ಸಣ್ಣದು, ಬೆಳಿಗ್ಗೆ ಪೆಟ್ಟಿಗೆಯಲ್ಲಿ ತಣ್ಣಗಾಗಿತ್ತು. ನಾನು ಓಣಿಗೆಲ್ಲ ಏನು ಹೇಳಿದೆ ಗೊತ್ತೆ? "ಮರೀನ ಬಿಟ್ಟು ಹೋಯ್ತು ನೋಡಿ, ಎಂಥ ತಾಯಿ!" ಬೀರುವಿನ ಬೀಗದ ಸುದ್ದಿ ಎತ್ತಲೇ ಇಲ್ಲ.

ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎನ್ನುತ್ತೇವಲ್ಲ, ಅದು ಚಪಲವಲ್ಲ. ಜಾಗ ಕೊಳೆಯಾದರೆ, ಗಂಡು ಬೆಕ್ಕಿನ ಸುಳಿವು ಸಿಕ್ಕರೆ, ಮನುಷ್ಯರ ಕೈ ಹೆಚ್ಚು ಓಡಾಡಿದರೆ ತಾಯಿ ಜಾಗ ಬದಲಿಸುತ್ತಾಳೆ. ಕತ್ತು ಹಿಡಿದೊಡನೆ ಮರಿ ಕೈಕಾಲು ಮಡಚಿ ಸುಮ್ಮನಾಗಿಬಿಡುತ್ತದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಶರಣಾಗತಿಗೆ ಕೊಡುವ ದೃಷ್ಟಾಂತವೇ ಇದು: ಮಾರ್ಜಾಲ ಕಿಶೋರ ನ್ಯಾಯ. ಕೋತಿಯ ಮರಿ ತಾಯಿಯನ್ನು ತಾನೇ ತಬ್ಬಿ ಹಿಡಿಯಬೇಕು. ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಎತ್ತಿಕೊಳ್ಳುತ್ತಾಳೆ. ಭಗವಂತನ ದಯೆಗೆ ಹೋಲಿಕೆ ಹುಡುಕಿದ ಹಿರಿಯರಿಗೆ ಕಂಡದ್ದು ಬೆಕ್ಕಿನ ತಾಯಿ. ನಮಗೆ ಬಾಣಂತಿಯನ್ನು ಚುಚ್ಚಲು ಹೋಲಿಕೆ ಬೇಕಾದಾಗಲೂ ಅದೇ ಬೆಕ್ಕು!

ಇಷ್ಟಕ್ಕೂ ಮರಿಗಳನ್ನು ತಾಯಿಯಿಂದ ಹೆಚ್ಚಾಗಿ ಕಿತ್ತುಕೊಳ್ಳುವವರು ಯಾರು? ಕಣ್ಣು ಬಿಡದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ ಸಂತೆಮಾಳದಲ್ಲೋ ಮೀನು ಮಾರುಕಟ್ಟೆಯ ಹಿಂದೆಯೋ ಬಿಟ್ಟುಬರುವ ಮನೆಗಳನ್ನು ನಾನೂ ನೀವೂ ಬಲ್ಲೆವು. "ಅಲ್ಲಿ ಹೇಗೋ ಬದುಕ್ಕೊಳ್ಳುತ್ತೆ" ಎನ್ನುತ್ತೇವೆ. ಬದುಕುವುದಿಲ್ಲ. ಬೆಚ್ಚಗಿಡುವವರಿಲ್ಲದೆ ಕೆಲವು ಗಂಟೆಗಳಲ್ಲೇ ತಣ್ಣಗಾಗುತ್ತವೆ. ಕರುಣೆಯಿಂದ ಯಾರಾದರೂ ಹಸುವಿನ ಹಾಲು ಹಾಕಿದರೂ ಭೇದಿಯಾಗಿ ಸೊರಗುತ್ತವೆ. ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಇನ್ನು ಹೆದರುವವರು ಯಾರು? ಮನೆಯಲ್ಲಿ ಮೊಲೆಯೂದಿಕೊಂಡ ತಾಯಿ ಮೂಲೆಮೂಲೆ ಹುಡುಕುತ್ತಾ ಎರಡು ಮೂರು ದಿನ ಕೂಗುತ್ತಾಳೆ. ನಾವು ಟಿ.ವಿ. ಸದ್ದು ಹೆಚ್ಚಿಸಿಕೊಳ್ಳುತ್ತೇವೆ.

ಮರಿ ಬೇಡವೆಂದರೆ ದಾರಿ ಇದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಹಾಲೂಡಿಸುತ್ತಿರುವಾಗಲೂ ಮತ್ತೆ ಬಸಿರಾಗಬಹುದು. ಮರಿಗಳು ಹಾಲು ಬಿಟ್ಟ ಮೇಲೆ ಪಶುವೈದ್ಯರ ಬಳಿ ಒಯ್ದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಎರಡನೆಯ ಬಾಣಂತನದ ನಂತರ ನಾನು ಮಾಡಿಸಿದೆ. "ಪಾಪ, ಅದರ ತಾಯ್ತನ ಕಿತ್ತುಕೊಂಡಿರಲ್ಲ" ಎಂದವರಲ್ಲಿ ಗೋಣಿಚೀಲದವರೂ ಇದ್ದರು. ಹೆತ್ತಿರುವ ಬೆಕ್ಕಿಗಾದರೋ ಬೇಕಾದದ್ದು ಬಹಳ ಕಡಿಮೆ: ಕತ್ತಲೆಯ ಮೂಲೆ, ಒಂದು ಹಳೇ ಸೀರೆ, ಎರಡು ಹೊತ್ತು ಹೊಟ್ಟೆತುಂಬ ಅನ್ನ ಮೀನು, ಬಟ್ಟಲು ನೀರು, ಮತ್ತು ನಮ್ಮ ಕೈ ದೂರ.

ಮನುಷ್ಯರ ಬಾಣಂತಿಗೆ ಬೇಕಾದದ್ದೂ ಇದಕ್ಕಿಂತ ಬಹಳ ಬೇರೆಯಲ್ಲ. ಊಟ, ನಿದ್ದೆ, ತೀರ್ಪು ಕೊಡದ ನಾಲ್ಕು ಜನ. ಅಂದು ಸೋದರತ್ತೆಗೆ ನಾನು ಇಷ್ಟುದ್ದದ ಭಾಷಣವನ್ನೇನೂ ಮಾಡಲಿಲ್ಲ. "ಬೆಕ್ಕೂ ಮರಿ ಬಿಟ್ಟು ಮಲಗುತ್ತೆ ಕಣಕ್ಕ, ನಮ್ಮ ಫ್ರಿಜ್ಜಿನ ಮೇಲೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಕೈ ಚಾಚಿದೆ. ಹುಡುಗಿ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು, ಆಮೇಲೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಗಂಟೆ ಎಂದವಳು ಮೂರು ಗಂಟೆ ಮಲಗಿದಳು. ನಡುವೆ ಮಗು ಒಮ್ಮೆ ಅತ್ತಿತು; ಎತ್ತಿಕೊಂಡು ಜಗಲಿಯಲ್ಲಿ ನಾಲ್ಕು ಹೆಜ್ಜೆ ತಿರುಗಾಡಿದೆ, ಸುಮ್ಮನಾಯಿತು.